ವೈಟ್‌ಫೀಲ್ಡ್: ದಿಣ್ಣೆಯ ಊರಿಗೆ ತಗ್ಗಿನ ಋಣ

ನೇರಳೆ ಮಾರ್ಗದ ಮೆಟ್ರೊ ಕೆ.ಆರ್. ಪುರ ದಾಟಿದ ಮೇಲೆ ಕೇಳಿಬರುವ ನಿಲ್ದಾಣಗಳ ಹೆಸರಿಗೆ ಕಿವಿಗೊಡಿ: ಸಿಂಗಯ್ಯನಪಾಳ್ಯ, ಗರುಡಾಚಾರ್‌ಪಾಳ್ಯ, ಹೂಡಿ, ಸೀತಾರಾಮಪಾಳ್ಯ, ಕುಂದಲಹಳ್ಳಿ, ನಲ್ಲೂರಹಳ್ಳಿ, ಶ್ರೀ ಸತ್ಯಸಾಯಿ ಆಸ್ಪತ್ರೆ, ಪಟ್ಟಂದೂರು ಅಗ್ರಹಾರ, ಕಾಡುಗೋಡಿ ಟ್ರೀ ಪಾರ್ಕ್, ಹೋಪ್‌ಫಾರ್ಮ್ ಚನ್ನಸಂದ್ರ, ಕೊನೆಗೆ ಕಾಡುಗೋಡಿಯ ವೈಟ್‌ಫೀಲ್ಡ್. 2023ರ ಮಾರ್ಚ್ 25ರಂದು ಉದ್ಘಾಟನೆಯಾದ 13.71 ಕಿ.ಮೀ. ಮಾರ್ಗ ಇದು. ಕಿಟಕಿಯಾಚೆ ಕಾಣುವುದು ಗಾಜಿನ ಕಟ್ಟಡ, ಮೇಲ್ಸೇತುವೆ, ಅಪಾರ್ಟ್‌ಮೆಂಟ್. ಹಳ್ಳಿಗಳು ಮಾತ್ರ ಎಲ್ಲೂ ಹೋಗಿಲ್ಲ. ಮುಖ್ಯರಸ್ತೆ ಬಿಟ್ಟು ಒಳಕ್ಕೆ ತಿರುಗಿದರೆ ಅರಳಿಕಟ್ಟೆ ಇದೆ, ಮುನೇಶ್ವರನ ಗುಡಿ ಇದೆ, ಹಾಲಿನ ಡೇರಿ ಇದೆ. ಊರಿನ ಕೆಳಗೆ, ತಗ್ಗಿನಲ್ಲಿ, ಕೆರೆಯೂ ಇದೆ.

ವೈಟ್‌ಫೀಲ್ಡ್‌ನ ಚರಿತ್ರೆ ಬರೆಯುವವರು ಸಾಮಾನ್ಯವಾಗಿ 1882ರಿಂದ ಆರಂಭಿಸುತ್ತಾರೆ. ಹೊಸಬರಿಗೆ ಅದು ಐಟಿಪಿಎಲ್ ಎಂಬ ಟೆಕ್ ಪಾರ್ಕ್ ಬಂದಲ್ಲಿಂದ ಶುರುವಾಗುತ್ತದೆ. ಎರಡೂ ಸಾಲದು. ಈ ಊರಿನ ಇತಿಹಾಸವನ್ನು ಇಲ್ಲಿನ ನೆಲದ ಏರುತಗ್ಗು ಬರೆದಿದೆ. ಯಾರು ಎಲ್ಲಿ ನೆಲೆ ನಿಂತರು, ಯಾರ ಬೆಳೆ ಕೈಗೆ ಬಂತು, ಯಾರ ಮನೆಗೆ ನೀರು ನುಗ್ಗಿತು ಎಂಬುದನ್ನೆಲ್ಲ ತೀರ್ಮಾನಿಸಿದ್ದು ಬಂಡೆ ಮತ್ತು ನೀರು. ಆ ಲೆಕ್ಕವನ್ನು ಮೊದಲು ಬಂದವರು ಬಲ್ಲವರಾಗಿದ್ದರು. ನಂತರ ಬಂದ ನಮಗೆ ಅದನ್ನು ಕಲಿಯದೆ ಬೇರೆ ದಾರಿಯಿಲ್ಲ.

ಬೆಂಕಿಯಿಂದ ಬಂದ ಕಲ್ಲು

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಪ್ರಸ್ಥಭೂಮಿ. ಅಡಿಯಲ್ಲಿರುವುದು ಬೂದುಬಣ್ಣದ, ಪಟ್ಟೆಪಟ್ಟೆಯ ನೈಸ್ ಶಿಲೆ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು.ಎಫ್. ಸ್ಮೀತ್ 1916ರಲ್ಲಿ ಇದಕ್ಕೆ ‘ಪೆನಿನ್ಸುಲರ್ ನೈಸ್’ ಎಂದು ಹೆಸರಿಟ್ಟರು. ಲಾಲ್‌ಬಾಗ್‌ನ ಬಂಡೆ ಅದರ ಪ್ರಸಿದ್ಧ ಮಾದರಿ. ವಯಸ್ಸು ಸುಮಾರು 300 ಕೋಟಿ ವರ್ಷ. ಈ ಹಳೆಯ ಬಂಡೆಯ ಬಿರುಕುಗಳಿಗೆ ಭೂಗರ್ಭದ ಕರಗಿದ ಶಿಲಾರಸ ನುಗ್ಗಿ, ಅಲ್ಲೇ ಹೆಪ್ಪುಗಟ್ಟಿ, ಕಪ್ಪು ಕಲ್ಲಿನ ಉದ್ದನೆಯ ಗೋಡೆಗಳಾಗಿವೆ. ಭೂವಿಜ್ಞಾನಿಗಳು ಅವನ್ನು ಡೈಕ್ ಎನ್ನುತ್ತಾರೆ. ಬೆಂಗಳೂರಿನ ಸುತ್ತ ಪೂರ್ವ–ಪಶ್ಚಿಮವಾಗಿ ಹಾದುಹೋಗುವ ದೊಡ್ಡ ಡೈಕ್‌ಗಳು ಸುಮಾರು 237 ಕೋಟಿ ವರ್ಷ ಹಳೆಯವು.

ಇನ್ನೂ ಪೂರ್ವಕ್ಕೆ ಹೋದರೆ ಕೋಲಾರದ ಚಿನ್ನದ ಪಟ್ಟಿ. ಅಲ್ಲಿನ ಕಪ್ಪು ಶಿಲೆಗಳು ಸುಮಾರು 270 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾದಿಂದಾದವು. ಚಿತ್ರದುರ್ಗದ ಮರಡಿಹಳ್ಳಿಯಲ್ಲಿ ನೀರಿನಡಿ ಹರಿದು ದಿಂಬಿನಾಕಾರದಲ್ಲಿ ಗಟ್ಟಿಯಾದ ಲಾವಾವನ್ನು ಇಂದಿಗೂ ಕಣ್ಣಾರೆ ನೋಡಬಹುದು. ನಮ್ಮ ನಾಡಿನಲ್ಲೂ ಜ್ವಾಲಾಮುಖಿ ಇತ್ತು. ಅದು ತಣ್ಣಗಾಗಿ ಯುಗಯುಗಗಳೇ ಕಳೆದಿವೆ. ಅದು ಬಿಟ್ಟುಹೋದ ಕಲ್ಲು ಮಾತ್ರ ಉಳಿದಿದೆ.

ನಮ್ಮ ಕಾಲಡಿಯ ಕಲ್ಲಿನ ಗುಣ ತಿಳಿಯದೆ ಇಲ್ಲಿ ಬದುಕಲು ಆಗದು. ನೈಸ್ ಶಿಲೆ ತಾನಾಗಿ ನೀರು ಹೀರುವುದಿಲ್ಲ. ಮಳೆ–ಬಿಸಿಲಿಗೆ ಸವೆದು ಪುಡಿಯಾದ ಕೆಂಪು ಜಲ್ಲಿಮಣ್ಣಿನ ಪದರ ಬಂಡೆಯ ಮೇಲೆ ಹಾಸಿದ ಕಂಬಳಿಯಂತಿದೆ. ನೀರು ನಿಲ್ಲುವುದು ಆ ಪದರದಲ್ಲಿ ಮತ್ತು ಅದರ ಕೆಳಗಿನ ಬಿರುಕುಗಳಲ್ಲಿ. ತೆರೆದ ಬಾವಿಗಳ ಕಾಲದಲ್ಲಿ ಜನ ಬಳಸಿದ್ದು ಆ ಮೇಲ್ಪದರದ ನೀರನ್ನು. ಮಳೆ ಬಂದರೆ ಅದು ತುಂಬಿಕೊಳ್ಳುತ್ತಿತ್ತು. ಈಗ ಕೊಳವೆಬಾವಿಗಳು 1,000 ಅಡಿ ದಾಟಿ ಬಿರುಕುಗಳನ್ನು ಹುಡುಕುತ್ತಿವೆ. ಅಷ್ಟು ಆಳದ ಬಿರುಕು ಒಮ್ಮೆ ಬರಿದಾದರೆ ಮತ್ತೆ ತುಂಬಲು ಎಷ್ಟೋ ವರ್ಷ ಬೇಕು.

ಇನ್ನು ಮೇಲ್ಮೈ. ನಗರದ ನಡುವೆ ಉತ್ತರ–ದಕ್ಷಿಣವಾಗಿ ಒಂದು ದಿಣ್ಣೆ ಸಾಗುತ್ತದೆ. ಅದರ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೆ ಸೇರುತ್ತದೆ. ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಗೆ. ಹೊರವಲಯದ ಮೂರು ಹೆಸರಾಂತ ಪ್ರದೇಶಗಳನ್ನು ಹೀಗೆಯೇ ಓದಬೇಕು. ಕಾರ್ಖಾನೆಗಳ ಪೀಣ್ಯ ಪಶ್ಚಿಮದ ಮಗ್ಗುಲಲ್ಲಿದೆ. ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ 1978ರಲ್ಲಿ ಆರ್.ಕೆ. ಬಾಳಿಗರ ಕನಸಿನಂತೆ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಆರಂಭಿಸಿದ ಎಲೆಕ್ಟ್ರಾನಿಕ್ ಸಿಟಿ ದಕ್ಷಿಣ–ಪೂರ್ವದ ಇಳಿಜಾರಿನಲ್ಲಿದೆ. ವೈಟ್‌ಫೀಲ್ಡ್ ಪೂರ್ವದ ತುದಿಯಲ್ಲಿದೆ. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಹೊಸಕೋಟೆಯ ಕಡೆಯಿಂದ ಇಳಿದು ಈ ಊರಿನ ಪೂರ್ವಕ್ಕೆ ಹಾದು ತಮಿಳುನಾಡು ಸೇರುತ್ತದೆ. ನೈರುತ್ಯದಲ್ಲಿ ಬೆಳ್ಳಂದೂರು ಮತ್ತು ವರ್ತೂರು ಕೆರೆಗಳು ನಗರದ ದೊಡ್ಡ ಭಾಗದ ನೀರನ್ನು ಹೊತ್ತು ಅದೇ ನದಿಯತ್ತ ಸಾಗಿಸುತ್ತವೆ.

ಸಾವಿರ ವರ್ಷದ ಕೆರೆ ಕೆಲಸ

ಜೀವನದಿಯಿಲ್ಲದ ಈ ನೆಲದಲ್ಲಿ ವರ್ಷಕ್ಕೆ ಸುಮಾರು 900 ಮಿ.ಮೀ. ಮಳೆ ಬೀಳುತ್ತದೆ. ಅದರಲ್ಲೂ ಆಗಸ್ಟ್‌ನಿಂದ ಅಕ್ಟೋಬರ್ ತನಕದ ಮಳೆಯೇ ಹೆಚ್ಚು. ಬಂದ ನೀರನ್ನು ಹಿಡಿದಿಟ್ಟರೆ ಊರು, ಇಲ್ಲವಾದರೆ ಬರಡು. ಹಾಗಾಗಿ ಇಲ್ಲಿ ಊರು ಕಟ್ಟಿದವರೆಲ್ಲ ಕೆರೆ ಕಟ್ಟಿದವರೇ.

ಬೆಳ್ಳಂದೂರಿನ ಮೇಲ್ಭಾಗದ ಅಗರದಲ್ಲಿ ದೊರೆತ, ಸುಮಾರು 870ರ ಗಂಗರ ಕಾಲದ ಶಾಸನವೊಂದು ಎರಡು ಕೆರೆಗಳಿಗೆ ತೂಬು ಇಡಿಸಿ ಮೂರನೆಯ ಕೆರೆ ಕಟ್ಟಿಸಿದ ಸಂಗತಿಯನ್ನು ಹೇಳುತ್ತದೆ. ಅದಾಗಿ ಸುಮಾರು 170 ವರ್ಷಗಳ ನಂತರ, 1043ರಲ್ಲಿ, ಚೋಳರ ಆಳ್ವಿಕೆಯ ಕಾಲದ ಕಾಡುಗೋಡಿಯ ಶಾಸನ ಇನ್ನೂ ಸ್ಪಷ್ಟವಾಗಿ ಮಾತಾಡುತ್ತದೆ. ಪೆರ್ಮಾಡಿ ಗಾವುಂಡನ ಮಗ ರಾಜರಾಜ ವೇಳಾನ್ ಎಂಬ ಅಧಿಕಾರಿ ಪಟ್ಟಂದೂರಿನಲ್ಲಿ ಕಾಡು ಕಡಿಸಿ, ನೆಲ ಸಮ ಮಾಡಿಸಿ, ಕೆರೆ ಕಟ್ಟಿಸಿ, ತೂಬು ಇಡಿಸಿ, ಕ್ಷೇತ್ರಪಾಲ, ದುರ್ಗೆ ಮತ್ತು ಗಣಪತಿಯನ್ನು ಪ್ರತಿಷ್ಠಾಪಿಸಿದ. ಇಂದು ಐಟಿಪಿಎಲ್‌ನ ಮಗ್ಗುಲಲ್ಲಿರುವ ಪಟ್ಟಂದೂರು ಅಗ್ರಹಾರ ಅದೇ ಊರು. ಕೆಲಸದ ಕ್ರಮವನ್ನು ನೋಡಿ: ನೆಲ, ನೀರು, ತೂಬು, ಆಮೇಲೆ ದೇವರು. ಒಂದು ಊರು ನೆಲೆಗೊಳ್ಳಲು ಏನೇನು ಬೇಕೆಂಬ ಪಟ್ಟಿ ಸುಮಾರು ಸಾವಿರ ವರ್ಷಗಳ ಹಿಂದೆಯೇ ಕಲ್ಲಿನಲ್ಲಿ ಕೊರೆದಿದೆ.

ಕೆರೆಯ ರಚನೆ ಸರಳ, ಲೆಕ್ಕ ಮಾತ್ರ ಕರಾರುವಾಕ್ಕು. ಇಳಿಜಾರಿನ ತಗ್ಗಿಗೆ ಅಡ್ಡಲಾಗಿ ಮಣ್ಣಿನ ಏರಿ. ಏರಿಯ ನೀರಿನ ಕಡೆಯ ಮುಖಕ್ಕೆ ಕಲ್ಲಿನ ಹೊದಿಕೆ. ಏರಿಯ ಬುಡದಲ್ಲಿ ತೂಬು; ಅದನ್ನು ಎತ್ತಿದರೆ ನೀರು ಕಾಲುವೆಗೆ ಇಳಿದು ಅಚ್ಚುಕಟ್ಟಿನ ಗದ್ದೆಗಳಿಗೆ ಹೋಗುತ್ತದೆ. ಏರಿಯ ಒಂದು ತುದಿಯಲ್ಲಿ, ಏರಿಗಿಂತ ತುಸು ತಗ್ಗಿನಲ್ಲಿ, ಕೋಡಿ. ಕೆರೆ ತುಂಬಿದಾಗ ಹೆಚ್ಚಾದ ನೀರು ಕೋಡಿ ಹರಿದು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಸೇರುತ್ತದೆ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕೆಂದು ನೋಡಿಕೊಳ್ಳಲು ಊರಿಗೊಬ್ಬ ನೀರುಗಂಟಿ ಇರುತ್ತಿದ್ದ. ಬೇಸಿಗೆಯಲ್ಲಿ ಕೆರೆಯಂಗಳದ ಹೂಳು ತೆಗೆದು ಹೊಲಕ್ಕೆ ಗೊಬ್ಬರವಾಗಿ ಹಾಕುತ್ತಿದ್ದರು. ಕೆರೆ ಆಳವಾಗುತ್ತಿತ್ತು, ಹೊಲ ಫಲವತ್ತಾಗುತ್ತಿತ್ತು.

ಇಲ್ಲಿ ಗಮನಿಸಬೇಕಾದ ಸಂಗತಿ, ಯಾವ ಕೆರೆಯೂ ಒಂಟಿಯಲ್ಲ. ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಯ ಒಳಹರಿವು. ನಡುವಿನ ಕೊಂಡಿಯೊಂದು ಕಳಚಿದರೂ ಕೆಳಗಿನ ಊರಿಗೆ ಒಂದೋ ಬರ, ಇಲ್ಲವೇ ನೆರೆ. ಮನೆಗಳೆಲ್ಲ ದಿಣ್ಣೆಯ ಮೇಲೆ, ಗದ್ದೆಗಳೆಲ್ಲ ತಗ್ಗಿನಲ್ಲಿ ಎಂಬ ಹಳ್ಳಿಯ ನಕ್ಷೆ ಇದೇ ಲೆಕ್ಕದಿಂದ ಹುಟ್ಟಿದ್ದು.

ವೈಟ್ ಕಂಡ ವಸಾಹತು

ಇಂಥ ಹಳ್ಳಿಗಳ ನಡುವೆ 1882ರಲ್ಲಿ ಹೊಸದೊಂದು ಊರು ಬಂತು. ಮದ್ರಾಸಿನ ಡೇವಿಡ್ ಎಮ್ಯಾನುಯೆಲ್ ಸ್ಟಾರ್ಕೆನ್‌ಬರ್ಗ್ ವೈಟ್ ಯೂರೇಷಿಯನ್ ಮತ್ತು ಆಂಗ್ಲೊ ಇಂಡಿಯನ್ ಸಂಘದ ಮುಂದಾಳು. ಐರೋಪ್ಯ ಮತ್ತು ಭಾರತೀಯ ರಕ್ತ ಬೆರೆತ ಈ ಸಮುದಾಯವನ್ನು ಬ್ರಿಟಿಷರು ತಮ್ಮವರೆಂದು ಪೂರ್ತಿ ಒಪ್ಪಲಿಲ್ಲ. ರೈಲ್ವೆ, ಅಂಚೆ, ತಂತಿ ಇಲಾಖೆಗಳ ಕೆಳಹಂತದ ನೌಕರಿಗಳೇ ಅವರ ಆಸರೆ. ಆ ನೌಕರಿಗಳೂ ಕೈತಪ್ಪುವ ಭಯ ಆವರಿಸಿದಾಗ, ಸ್ವಂತ ನೆಲ ಉತ್ತು ಸ್ವಾವಲಂಬಿಯಾಗಿ ಬದುಕುವ ವಸಾಹತುವಿನ ಕನಸನ್ನು ವೈಟ್ ಕಂಡರು.

ಮೈಸೂರು ಸಂಸ್ಥಾನ ಆಗಷ್ಟೇ, 1881ರ ಮಾರ್ಚ್‌ನಲ್ಲಿ, ಬ್ರಿಟಿಷರ ನೇರ ಆಡಳಿತದಿಂದ ಒಡೆಯರ್ ಮನೆತನಕ್ಕೆ ಮರಳಿತ್ತು. 1876–78ರ ಭೀಕರ ಕ್ಷಾಮದ ಗಾಯ ಇನ್ನೂ ಮಾಗಿರಲಿಲ್ಲ. ಹತ್ತನೇ ಚಾಮರಾಜ ಒಡೆಯರ್ ಸಂಘಕ್ಕೆ 3,900 ಎಕರೆ ನೆಲ ಕೊಟ್ಟರು. ಅದರಲ್ಲಿ ಎದ್ದ ನೆಲೆಗಳಲ್ಲಿ ವೈಟ್‌ಫೀಲ್ಡ್ ಒಂದು, ಸಾಸ್ಮಂಡ್ ಇನ್ನೊಂದು. 1864ರಲ್ಲೇ ಬೆಂಗಳೂರು–ಜೋಲಾರಪೇಟೆ ರೈಲುಮಾರ್ಗ ಶುರುವಾಗಿತ್ತು. ಕಾಡುಗೋಡಿಯ ನಿಲ್ದಾಣ ಹತ್ತಿರದಲ್ಲಿತ್ತು. ಅದೇ ಹಳಿ ಬಂಗಾರಪೇಟೆ ಮೂಲಕ ಆಂಗ್ಲೊ ಇಂಡಿಯನ್ನರು ಹೆಚ್ಚಾಗಿ ದುಡಿಯುತ್ತಿದ್ದ ಕೋಲಾರದ ಚಿನ್ನದ ಗಣಿಗೂ ದಾರಿಯಾಯಿತು.

ಹೊಸ ಊರಿನ ನಕ್ಷೆ ಕನ್ನಡದ ಹಳ್ಳಿಯದಲ್ಲ. ನಡುವೆ ದುಂಡಗಿನ ಬಯಲು, ಅದರ ಸುತ್ತ ವರ್ತುಲ ರಸ್ತೆ, ರಸ್ತೆಗೆ ಮುಖಮಾಡಿ ವಿಶಾಲ ಅಂಗಳದ ಹೆಂಚಿನ ಮನೆಗಳು. ಅದರಾಚೆ ಇನ್ನೊಂದು ವರ್ತುಲ. ಇನ್ನರ್ ಸರ್ಕಲ್, ಔಟರ್ ಸರ್ಕಲ್ ಎಂಬ ಹೆಸರಿನಲ್ಲಿ ಅವು ಇಂದಿಗೂ ಉಳಿದಿವೆ. ಇನ್ನರ್ ಸರ್ಕಲ್‌ನಲ್ಲಿ ನಡೆದರೆ ಅದು ಸುತ್ತಲಿನ ಕೆರೆಗಳಿಗಿಂತ ಎತ್ತರದ ದಿಣ್ಣೆ ಎಂಬುದು ಕಾಲಿಗೇ ತಿಳಿಯುತ್ತದೆ. ಹಿಂದೆ ಇದ್ದ ಮನೆಗಳಲ್ಲಿ ಬೆರಳೆಣಿಕೆಯವು ಮಾತ್ರ ಉಳಿದಿವೆ. 1880ರ ದಶಕದ ಮೆಮೋರಿಯಲ್ ಚರ್ಚ್ ನಿಂತಿದೆ. ವೇವರ್ಲಿ ಇನ್ ಎಂಬ ತಂಗುಮನೆಯ ಬಗ್ಗೆ ಊರವರು ಒಂದು ಕಥೆ ಹೇಳುತ್ತಾರೆ: 1896ರಿಂದ 1899ರವರೆಗೆ ಬೆಂಗಳೂರಿನ ದಂಡಿನಲ್ಲಿದ್ದ ಯುವ ಸೇನಾಧಿಕಾರಿ ವಿನ್‌ಸ್ಟನ್ ಚರ್ಚಿಲ್ ಇಲ್ಲಿಗೆ ಬಂದುಹೋಗುತ್ತಿದ್ದರಂತೆ. ಚರ್ಚಿಲ್ ಬೆಂಗಳೂರಿನಲ್ಲಿದ್ದದ್ದು ದಿಟ, ಉಳಿದದ್ದು ಊರ ಬಾಯಿಮಾತು.

ವೈಟ್ 1889ರಲ್ಲಿ ತೀರಿಕೊಂಡರು. ಕೃಷಿ ವಸಾಹತುವಿನ ಕನಸು ಅವರೆಣಿಸಿದಂತೆ ನನಸಾಗಲಿಲ್ಲ. ದಿಣ್ಣೆಯ ಕೆಂಪು ಜಲ್ಲಿಮಣ್ಣಿನಲ್ಲಿ ಮಳೆ ನಂಬಿ ಬೇಸಾಯ ಮಾಡುವುದು, ರಾಗಿ–ಅವರೆ ಬಿತ್ತಿ ತಲೆಮಾರುಗಳಿಂದ ಪಳಗಿದ ಸುತ್ತಲಿನ ಒಕ್ಕಲು ಮಕ್ಕಳಿಗೇ ಕಷ್ಟ. ನೌಕರಿಯಿಂದ ಬಂದ ಕುಟುಂಬಗಳಿಗೆ ಅದು ಇನ್ನೂ ಕಷ್ಟ. ಊರು ನಿಧಾನವಾಗಿ ನಿವೃತ್ತರ ನೆಮ್ಮದಿಯ ತಾಣವಾಯಿತು. ಸ್ವಾತಂತ್ರ್ಯಾನಂತರ ಅನೇಕ ಕುಟುಂಬಗಳು ಇಂಗ್ಲೆಂಡ್, ಆಸ್ಟ್ರೇಲಿಯಾಗಳಿಗೆ ಹೊರಟವು. ಈಗಿನ ಜಾರ್ಖಂಡ್‌ನ ಮೆಕ್ಲಸ್ಕಿಗಂಜ್‌ನಲ್ಲಿ 1933ರಲ್ಲಿ ಇಂಥದೇ ವಸಾಹತು ಎದ್ದು, ಇಂಥದೇ ಕಾರಣಗಳಿಂದ ಬಡವಾಯಿತು. ಇವರ ಕನಸು ಮರ್ಯಾದೆಯ ಬದುಕಿನದಾಗಿತ್ತು, ಅದನ್ನು ಗೌರವಿಸಬೇಕು. ಅದು ಸೋತದ್ದು ಶ್ರಮದ ಕೊರತೆಯಿಂದಲ್ಲ. ತಗ್ಗಿನ ನೀರಿಲ್ಲದೆ ದಿಣ್ಣೆಯ ಬೇಸಾಯ ನಡೆಯುವುದಿಲ್ಲವೆಂಬ ನೆಲದ ನಿಯಮದಿಂದ.

ಆಶ್ರಮದಿಂದ ಐಟಿಗೆ

ನಂತರದ ದಶಕಗಳಲ್ಲಿ ವೈಟ್‌ಫೀಲ್ಡ್ ಹೊರಗಿನವರಿಗೆ ಪರಿಚಯವಾದದ್ದು ಕಾಡುಗೋಡಿಯ ಸತ್ಯಸಾಯಿ ಬಾಬಾ ಅವರ ಬೃಂದಾವನ ಆಶ್ರಮದಿಂದ. 1990ರ ದಶಕದಲ್ಲಿ ಚಿತ್ರ ಬದಲಾಯಿತು. ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ರಫ್ತು ಉತ್ತೇಜನ ಕೈಗಾರಿಕಾ ಪಾರ್ಕ್ ರೂಪಿಸಿತು. ಭಾರತ–ಸಿಂಗಪುರ ಸರ್ಕಾರಗಳ ಮಾತುಕತೆಯ ಫಲವಾಗಿ ಟಾಟಾ ಸಮೂಹ, ಸಿಂಗಪುರದ ಕಂಪನಿಗಳ ಕೂಟ ಮತ್ತು ರಾಜ್ಯ ಸರ್ಕಾರ ಸೇರಿ ಸುಮಾರು 70 ಎಕರೆಯಲ್ಲಿ ಅಂತರರಾಷ್ಟ್ರೀಯ ಟೆಕ್‌ ಪಾರ್ಕ್ ಕಟ್ಟಿದವು. ಅದೇ ಜನರ ಬಾಯಲ್ಲಿ ಐಟಿಪಿಎಲ್. 2000ದಲ್ಲಿ ಜಿಇ ಕಂಪನಿಯ ಜಾನ್ ಎಫ್. ವೆಲ್ಚ್ ಸಂಶೋಧನಾ ಕೇಂದ್ರ ಬಂತು. 2001ರ ಜನವರಿ 19ರಂದು ಉಚಿತ ಚಿಕಿತ್ಸೆಯ ಸತ್ಯಸಾಯಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬಾಗಿಲು ತೆರೆಯಿತು.

ಟೆಕ್‌ ಪಾರ್ಕ್‌ನ ಕಲ್ಪನೆಯಲ್ಲೇ ಒಂದು ಸಂಗತಿ ಅಡಗಿತ್ತು. ವಿದ್ಯುತ್, ನೀರು, ಸಂಪರ್ಕ ಎಲ್ಲವೂ ಆವರಣದೊಳಗೇ ಸಿಗಬೇಕು, ಹೊರಗಿನ ಊರಿನ ಕೊರತೆ ಒಳಗೆ ತಟ್ಟಬಾರದು. ಕೆಲಸ ಸುಗಮವಾಯಿತು, ಸಾವಿರಾರು ಮಂದಿಗೆ ಅನ್ನ ಸಿಕ್ಕಿತು. ಜೊತೆಗೆ ಆವರಣದ ಗೋಡೆಯಾಚೆಯ ನೆಲದ ಇಳಿಜಾರು ಎತ್ತ ಸಾಗುತ್ತದೆ ಎಂದು ಕೇಳುವ ಅಗತ್ಯವೇ ಯಾರಿಗೂ ಬೀಳಲಿಲ್ಲ. ಆಡಳಿತವೂ ಊರಿಗಿಂತ ಹಿಂದೆ ಬಿತ್ತು. ಮಹದೇವಪುರ ಮೊದಲು ಪ್ರತ್ಯೇಕ ನಗರಸಭೆಯಾಗಿತ್ತು. 2007ರಲ್ಲಿ ಏಳು ನಗರಸಭೆ, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ರಚಿಸಿದಾಗ ಅದು ನಗರದ ಭಾಗವಾಯಿತು. 2025ರಲ್ಲಿ ಬಿಬಿಎಂಪಿ ಐದು ಪಾಲಿಕೆಗಳಾಗಿ ಒಡೆದು, ಕೆ.ಆರ್. ಪುರ ಮತ್ತು ಮಹದೇವಪುರ ಕ್ಷೇತ್ರಗಳು ಬೆಂಗಳೂರು ಪೂರ್ವ ನಗರ ಪಾಲಿಕೆಗೆ ಸೇರಿದವು. ಆಡಳಿತದ ಗಡಿ ಇಷ್ಟು ಸಲ ಬದಲಾದರೂ ನೀರಿನ ಗಡಿ ಒಮ್ಮೆಯೂ ಬದಲಾಗಲಿಲ್ಲ.

ಮಾಯೋನ್ ಬುಡದ ಊರುಗಳ ಪಾಠ

ನೀರಿನ ಗಡಿ ಮರೆತರೆ ಏನಾಗುತ್ತದೆ ಎಂಬುದನ್ನು ದೂರದ ಊರುಗಳೂ ಹೇಳುತ್ತವೆ. ನೆಲದ ಅಪಾಯವನ್ನು ಕಣ್ಣೆದುರೇ ಇಟ್ಟುಕೊಂಡು ಬದುಕುವ ಊರುಗಳು ಜಗತ್ತಿನಲ್ಲಿವೆ. ಫಿಲಿಪೀನ್ಸ್‌ನ ಲುಜಾನ್ ದ್ವೀಪದ ಆಲ್ಬೈ ಪ್ರಾಂತ್ಯದಲ್ಲಿ ಮಾಯೋನ್ ಎಂಬ, ಸುಮಾರು 2,460 ಮೀಟರ್ ಎತ್ತರದ ಜ್ವಾಲಾಮುಖಿ ಇದೆ. 1814ರ ಫೆಬ್ರುವರಿ 1ರಂದು ಅದು ಸ್ಫೋಟಿಸಿ ಕಾಗ್ಸಾವಾ ಊರನ್ನು ಹೂತುಹಾಕಿತು. ಸುಮಾರು 1,200 ಮಂದಿ ಸತ್ತರೆಂದು ಹೇಳಲಾಗುತ್ತದೆ. ಚರ್ಚಿನ ಗಂಟೆಗೋಪುರ ಇಂದಿಗೂ ನೆಲದ ಮೇಲೆ ಕಾಣುತ್ತದೆ. ಬದುಕುಳಿದವರು ದರಾಗಾ ಊರಿನ ಕಡೆಗೆ ಸರಿದರು. ಇಷ್ಟಾದರೂ ಜನ ಆ ಬೆಟ್ಟದ ಬುಡವನ್ನು ಬಿಟ್ಟಿಲ್ಲ. ಜ್ವಾಲಾಮುಖಿಯ ಬೂದಿಯಿಂದಾದ ಮಣ್ಣು ಭತ್ತಕ್ಕೂ ತೆಂಗಿಗೂ ಅಬಾಕಾ ನಾರಿನ ಬೆಳೆಗೂ ಬಲು ಒಳ್ಳೆಯದು. ಬೆಟ್ಟದ ಶಿಖರದ ಸುತ್ತ 6 ಕಿ.ಮೀ. ವ್ಯಾಪ್ತಿಯನ್ನು ಸರ್ಕಾರ ಶಾಶ್ವತ ಅಪಾಯ ವಲಯವೆಂದು ಗುರುತಿಸಿದೆ.

ನಮಗೆ ಮುಖ್ಯವಾದದ್ದು 2006ರ ಘಟನೆ. ಆ ವರ್ಷ ಮಾಯೋನ್ ಬೂದಿ–ಕಲ್ಲುಗಳನ್ನು ಉಗುಳಿ ಇಳಿಜಾರಿನಲ್ಲಿ ರಾಶಿ ಹಾಕಿತ್ತು. ನವೆಂಬರ್ 30ರಂದು ಭಾರೀ ಚಂಡಮಾರುತ ಬಂತು. ಮಳೆನೀರು ಆ ಬೂದಿಯನ್ನು ಕೆಸರಾಗಿಸಿ ಬೆಟ್ಟದ ಕೊರಕಲುಗಳಲ್ಲಿ ನುಗ್ಗಿಸಿ ಗ್ವಿನೊಬಾತಾನ್, ದರಾಗಾ ಭಾಗದ ಹಳ್ಳಿಗಳನ್ನು ಹೂತಿತು. ಆ ಚಂಡಮಾರುತದಲ್ಲಿ ಸತ್ತವರು, ಕಾಣೆಯಾದವರು ಸಾವಿರಕ್ಕೂ ಹೆಚ್ಚು. ಕೊಂದದ್ದು ಬೆಂಕಿಯಲ್ಲ, ನೀರು. ಬಂದದ್ದು ಹಳೆಯ ಕೊರಕಲಿನ ದಾರಿಯಲ್ಲೇ. ವರ್ಷದ ಬಹುಕಾಲ ಒಣಗಿ, ಯಾರಿಗೂ ಬೇಡದ ಪಾಳುನೆಲದಂತೆ ಕಾಣುವ ದಾರಿ ಅದು.

ಈ ಸಂಗತಿ ಓದಿದಾಗೆಲ್ಲ ನನಗೆ ನಮ್ಮ ರಾಜಕಾಲುವೆಗಳು ನೆನಪಾಗುತ್ತವೆ. ಅವೂ ವರ್ಷದ ಎಂಟು ತಿಂಗಳು ಖಾಲಿ ಸೈಟಿನಂತೆ ಕಾಣುತ್ತವೆ. ಮಾಯೋನ್ ಬುಡದವರಿಗೆ ಎಚ್ಚರಿಸಲು ತಲೆಯೆತ್ತಿದರೆ ಕಾಣುವ ಬೆಟ್ಟವಿದೆ. ವೈಟ್‌ಫೀಲ್ಡ್‌ನಂಥ ಸಮತಟ್ಟಾಗಿ ಕಾಣುವ ಊರಿನಲ್ಲಿ ಅಪಾಯ ಇರುವುದು ತಗ್ಗಿನಲ್ಲಿ, ಕಾಂಪೌಂಡ್ ಗೋಡೆಯ ಹಿಂದೆ, ಚರಂಡಿಯ ಚಪ್ಪಡಿಯ ಕೆಳಗೆ. ಅದನ್ನು ಹುಡುಕಿ ನೋಡಿದರಷ್ಟೇ ಕಾಣುತ್ತದೆ.

ತಗ್ಗು ಮರೆತ ಮೇಲೆ

2022ರ ಸೆಪ್ಟೆಂಬರ್ ಮೊದಲ ವಾರ ಆ ಅಪಾಯವನ್ನು ಎಲ್ಲರ ಕಣ್ಣಿಗೂ ತೋರಿಸಿತು. ಒಂದೇ ರಾತ್ರಿ ಬೆಂಗಳೂರಿನಲ್ಲಿ 130 ಮಿ.ಮೀ.ಗೂ ಹೆಚ್ಚು ಮಳೆ ಸುರಿಯಿತು. ಕೆರೆಗಳು ಮೊದಲೇ ತುಂಬಿದ್ದವು. ಹೊರವರ್ತುಲ ರಸ್ತೆ, ಯಮಲೂರು, ಸರ್ಜಾಪುರ ರಸ್ತೆಯ ಬಡಾವಣೆಗಳು ಜಲಾವೃತವಾದವು. ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಂದ ಜನರನ್ನು ದೋಣಿಯಲ್ಲಿ ಹೊರತಂದರು, ಸಾಫ್ಟ್‌ವೇರ್ ಉದ್ಯೋಗಿಗಳು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದರು. ಸುದ್ದಿಯಾದದ್ದು ಅವರು. ಶೆಡ್ಡುಗಳಲ್ಲಿ ಬದುಕುವ ಕಟ್ಟಡ ಕಾರ್ಮಿಕರು, ಮನೆಗೆಲಸದವರು, ಸೆಕ್ಯುರಿಟಿಯವರು ಕಳೆದುಕೊಂಡ ಅಕ್ಕಿ, ಹಾಸಿಗೆ, ಮಕ್ಕಳ ಪುಸ್ತಕಗಳ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ. ತಗ್ಗಿನ ನೆಲ ಅಗ್ಗದ ನೆಲವೂ ಹೌದು. ನೀರು ಮೊದಲು ತಲುಪುವುದು ಬಡವರ ಮನೆಯನ್ನೇ.

ಕಾರಣ ಗೂಢವೇನಲ್ಲ. ಅಚ್ಚುಕಟ್ಟಿನ ಗದ್ದೆಗಳಿದ್ದಲ್ಲಿ ಬಡಾವಣೆ ಬಂತು. ಹತ್ತಾರು ಅಡಿ ಅಗಲದ ರಾಜಕಾಲುವೆ ಕಾಂಕ್ರೀಟ್ ಗೋಡೆಗಳ ನಡುವೆ ಕಿರಿದಾಯಿತು, ಕೆಲವೆಡೆ ತಿರುವು ಪಡೆಯಿತು, ಕೆಲವೆಡೆ ಮಾಯವಾಯಿತು. ಮಣ್ಣು ಹೀರುತ್ತಿದ್ದ ನೀರನ್ನು ಡಾಂಬರು, ಕಾಂಕ್ರೀಟ್ ಹೀರಲಿಲ್ಲ. ಗಂಟೆಗಟ್ಟಲೆ ಹರಿಯಬೇಕಿದ್ದ ನೀರು ನಿಮಿಷಗಳಲ್ಲಿ ಬಂತು. ಕೆರೆ–ಕಾಲುವೆಗಳ ಸುತ್ತ ಎಷ್ಟು ನೆಲ ಬಿಡಬೇಕು ಎಂಬುದೂ ಜಗ್ಗಾಟದ ವಿಷಯವಾಯಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಕೆರೆಗಳಿಗೆ 75 ಮೀಟರ್ ಮೀಸಲು ಅಂತರ ವಿಧಿಸಿತು. ಸುಪ್ರೀಂ ಕೋರ್ಟ್ 2019ರಲ್ಲಿ ಅದನ್ನು ರದ್ದುಮಾಡಿ, ನಗರದ ಮಾಸ್ಟರ್ ಪ್ಲಾನ್‌ನ ನಿಯಮವನ್ನೇ ಉಳಿಸಿತು. ಕಾನೂನು ಯಾವ ಅಳತೆಯನ್ನು ಒಪ್ಪಿದರೂ ನೀರು ತನ್ನ ಅಳತೆಯನ್ನು ಬಿಡುವುದಿಲ್ಲ.

ನೀರು ಹೆಚ್ಚಾದದ್ದಷ್ಟೇ ಅಲ್ಲ, ಕೆಟ್ಟೂ ಹೋಯಿತು. ಸುಮಾರು 900 ಎಕರೆಯ ಬೆಳ್ಳಂದೂರು ನಗರದ ಅತಿದೊಡ್ಡ ಕೆರೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯೆಲ್ಲ ಅದಕ್ಕೆ ಇಳಿದು, ಅಲ್ಲಿಂದ ವರ್ತೂರು ಕೆರೆಗೆ ಬರುತ್ತಿತ್ತು. ಸಾಬೂನು, ಡಿಟರ್ಜೆಂಟ್ ಬೆರೆತ ನೀರು ಕೋಡಿಯಲ್ಲಿ ಎತ್ತರದಿಂದ ಬಿದ್ದು ಕಡೆದಂತಾದಾಗ ನೊರೆ ಏಳುತ್ತಿತ್ತು. ಗಾಳಿಗೆ ಹಾರಿ ರಸ್ತೆಗೆ ಬಂದ ಆ ನೊರೆಯ ಚಿತ್ರಗಳು 2015ರಿಂದ ಜಗತ್ತನ್ನೆಲ್ಲ ಸುತ್ತಿದವು. ಅದೇ ವರ್ಷ ಬೆಳ್ಳಂದೂರಿನಲ್ಲಿ ಬೆಂಕಿ ಕಾಣಿಸಿತು, 2017ರಲ್ಲಿ ಮತ್ತೆ ಹೊತ್ತಿತು. 2018ರ ಜನವರಿ 19ರಂದು ಹೊತ್ತಿದ ಬೆಂಕಿ ಆರಿಸಲು ಸೇನೆಯ ಯೋಧರೂ ಇಳಿಯಬೇಕಾಯಿತು. ಕೊಳಚೆಯಿಂದ ಏಳುವ ಮೀಥೇನ್, ಕೆರೆಯಂಗಳದಲ್ಲಿ ಒಣಗಿದ ಕಳೆ–ಹುಲ್ಲು, ಸುರಿದ ಕಸ ಇದ್ದಲ್ಲಿ ಒಂದು ಕಿಡಿ ಸಾಕು. ಜ್ವಾಲಾಮುಖಿ ಇಲ್ಲದ ಊರಿನಲ್ಲಿ ನೀರಿನ ಮೇಲೆ ಬೆಂಕಿ ಉರಿಯುವಂತೆ ಮಾಡಿದವರು ನಾವೇ. ಪೀಣ್ಯದ ಕಥೆ ಇನ್ನೊಂದು ಬಗೆಯದು: ಲೋಹಗಳಿಗೆ ಲೇಪನ ಕೊಡುವ ಘಟಕಗಳಿಂದ ಸೋರಿದ ಕ್ರೋಮಿಯಂ ಅಲ್ಲಿನ ಅಂತರ್ಜಲಕ್ಕೆ ಸೇರಿದೆ. ಅಲ್ಲಿ ಬೆಂಕಿಯೂ ಕಾಣದು, ನೊರೆಯೂ ಕಾಣದು. ಕೊಳವೆಬಾವಿಯ ನೀರಿನ ಬಣ್ಣ, ರುಚಿ ಮಾತ್ರ ಹೇಳುತ್ತದೆ.

ಕಾವೇರಿ ಕುಡಿದು ಪಿನಾಕಿನಿಗೆ

ಮಳೆಯಲ್ಲಿ ಮುಳುಗುವ ಇದೇ ಪ್ರದೇಶ 2024ರ ಬೇಸಿಗೆಯಲ್ಲಿ ಹನಿ ನೀರಿಗೆ ಪರದಾಡಿತು. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು, ಕೊಳವೆಬಾವಿಗಳು ಬತ್ತಿದವು, ಟ್ಯಾಂಕರ್ ದರ ಏರಿತು. ಕೊನೆಗೆ 2024ರ ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತ ಚಾಲನೆಗೊಂಡಿತು. ದಿನಕ್ಕೆ 77.5 ಕೋಟಿ ಲೀಟರ್ ನೀರನ್ನು ಮುಖ್ಯವಾಗಿ ಆ 110 ಹಳ್ಳಿಗಳ ಪ್ರದೇಶಕ್ಕೆ ತರುವ ಯೋಜನೆ. ತೊರೆಕಾಡನಹಳ್ಳಿಯಿಂದ ಪಂಪು ಮಾಡಿ, ಸುಮಾರು 100 ಕಿ.ಮೀ. ದೂರ, ನೂರಾರು ಮೀಟರ್ ಎತ್ತರ ಏರಿಸಿ ತಂದ ನೀರು ಅದು.

ಒಂದು ಕ್ಷಣ ಇದರ ಭೂಗೋಳ ನೋಡಿ. ವೈಟ್‌ಫೀಲ್ಡ್ ಕಾವೇರಿ ಕಣಿವೆಯ ಊರಲ್ಲ. ಕಾವೇರಿಯ ನೀರು ದಿಣ್ಣೆ ದಾಟಿ ಇಲ್ಲಿಗೆ ಬಂದು, ಬಳಕೆಯಾಗಿ, ಕೊಳಚೆಯಾಗಿ ದಕ್ಷಿಣ ಪಿನಾಕಿನಿಯ ಕಡೆಗೆ ಇಳಿಯುತ್ತದೆ. ಮಂಡ್ಯದ ರೈತನ ನದಿ ಹೊಸೂರಿನ ರೈತನ ನದಿಗೆ ಸೇರುವುದು ನಮ್ಮ ಸ್ನಾನದ ಮನೆಗಳ ಮೂಲಕ. ಕೆಳಗಿನವರಿಗೆ ಎಂಥ ನೀರು ತಲುಪಬೇಕು ಎಂಬುದು ನಮ್ಮ ಶುದ್ಧೀಕರಣ ಘಟಕಗಳ ಮೇಲೆ ನಿಂತಿದೆ.

2018ರಲ್ಲಿ ಆರಂಭವಾದ ಕೆ.ಸಿ. ವ್ಯಾಲಿ ಯೋಜನೆ ಈ ಹಾದಿಯಲ್ಲೊಂದು ದೊಡ್ಡ ಪ್ರಯೋಗ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಶುದ್ಧೀಕರಿಸಿ, ದಿನಕ್ಕೆ 44 ಕೋಟಿ ಲೀಟರ್ ತನಕ ನೀರನ್ನು ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ 126 ಕೆರೆಗಳಿಗೆ ತುಂಬಿಸುವುದು ಗುರಿ. ಬತ್ತಿಹೋಗಿದ್ದ ಕೆರೆಗಳಲ್ಲಿ ನೀರು ನಿಂತಿತು, ಅಂತರ್ಜಲ ಏರಿತು. ಎರಡನೇ ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತ ಬೇಕೇಬೇಕು ಎಂಬ ಒತ್ತಾಯ ಕೋಲಾರದಲ್ಲಿ ಗಟ್ಟಿಯಾಗಿದೆ, ಅದು ನ್ಯಾಯವೂ ಹೌದು. ಬೆಂಗಳೂರು ಬಳಸಿ ಬಿಟ್ಟ ನೀರು ಕೋಲಾರದ ಹೊಲಕ್ಕೆ ಹೋಗಬೇಕಾದರೆ ಬೆಂಗಳೂರಿನವರು ಒಪ್ಪುವಷ್ಟೇ ಶುದ್ಧವಾಗಿ ಹೋಗಬೇಕು.

ಕಲಿಯಬೇಕಾದ ಲೆಕ್ಕ

ನಿರಾಶೆಗೆ ಕಾರಣವಿಲ್ಲ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ ಸ್ಥಳೀಯ ನಿವಾಸಿಗಳು, ಪಾಲಿಕೆ ಮತ್ತು ತಜ್ಞರು ಕೈಜೋಡಿಸಿದ್ದರಿಂದ ಮರುಜೀವ ಪಡೆಯಿತು. ವೈಟ್‌ಫೀಲ್ಡ್‌ನಲ್ಲೂ ಶೀಲವಂತನ ಕೆರೆಯಂಥ ಕೆರೆಗಳ ಸುತ್ತ ನಿವಾಸಿಗಳು ಸಂಘಟಿತರಾಗಿ ದುಡಿದಿದ್ದಾರೆ. ಬೆಳ್ಳಂದೂರು, ವರ್ತೂರು ಕೆರೆಗಳ ಹೂಳೆತ್ತುವ ದೊಡ್ಡ ಕೆಲಸವನ್ನು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಕೈಗೆತ್ತಿಕೊಂಡಿತು. ಕೆರೆಯೊಂದನ್ನು ಚೆಂದ ಮಾಡಿ, ಸುತ್ತ ನಡೆಯಲು ಹಾದಿ ಹಾಕಿ, ಬೇಲಿ ಬಿಗಿದರೆ ಕೆಲಸ ಮುಗಿಯಿತು ಎಂದುಕೊಳ್ಳುವುದು ತಪ್ಪು. ಕೆರೆಯ ಜೀವ ಇರುವುದು ಅದರ ಒಳಹರಿವಿನಲ್ಲಿ ಮತ್ತು ಕೋಡಿಯಲ್ಲಿ. ಕಾಲುವೆಯಿಲ್ಲದ ಕೆರೆ ಕೇವಲ ಹೊಂಡ.

ಈ ಭಾಗದಲ್ಲಿ ಮನೆ ಕೊಳ್ಳುವವರು, ಬಾಡಿಗೆಗೆ ಹುಡುಕುವವರು ಮೆಟ್ರೊ ಎಷ್ಟು ದೂರ, ಶಾಲೆ ಎಷ್ಟು ದೂರ ಎಂದು ಕೇಳುತ್ತಾರೆ. ಕೇಳಬೇಕಾದ ಇನ್ನೂ ಮೂರು ಪ್ರಶ್ನೆಗಳಿವೆ. ಈ ನೆಲ ಹಿಂದೆ ಏನಾಗಿತ್ತು: ಹೊಲವೋ, ಗದ್ದೆಯೋ, ಕೆರೆಯಂಗಳವೋ? ಮೇಲಿನ ಕೆರೆಯ ಕೋಡಿ ಎತ್ತ ಹರಿಯುತ್ತದೆ? ನಮ್ಮ ಕೊಳಚೆ ಎಲ್ಲಿಗೆ ಹೋಗುತ್ತದೆ? ಕಂದಾಯ ಇಲಾಖೆಯ ಹಳೆಯ ಗ್ರಾಮ ನಕ್ಷೆಯಲ್ಲಿ ಕೆರೆ, ಕಾಲುವೆ, ಖರಾಬು ನೆಲ ಎಲ್ಲವೂ ಗುರುತಾಗಿವೆ. ಊರಿನ ಹಿರಿಯರ ನೆನಪಿನಲ್ಲಿ ಅದಕ್ಕಿಂತ ಹೆಚ್ಚಿದೆ. ನಲ್ಲೂರಹಳ್ಳಿಯ, ಇಮ್ಮಡಿಹಳ್ಳಿಯ, ವರ್ತೂರಿನ ಅಜ್ಜ–ಅಜ್ಜಿಯರನ್ನು ಕೇಳಿದರೆ ಯಾವ ಮಳೆಗೆ ಯಾವ ಕೋಡಿ ಬೀಳುತ್ತಿತ್ತು, ಯಾವ ಗದ್ದೆಯಲ್ಲಿ ನೀರು ನಿಲ್ಲುತ್ತಿತ್ತು ಎಂದು ಬೆರಳು ಮಾಡಿ ತೋರಿಸುತ್ತಾರೆ. ಯೋಜನೆ ರೂಪಿಸುವ ಎಂಜಿನಿಯರುಗಳು ಅವರ ಎದುರು ಕೂತು ನಕ್ಷೆ ಬರೆದುಕೊಳ್ಳಬೇಕು. ಇಲ್ಲಿನ ಶಾಲೆಗಳು ಮಕ್ಕಳನ್ನು ವರ್ಷಕ್ಕೊಮ್ಮೆಯಾದರೂ ತಮ್ಮೂರಿನ ಒಂದು ರಾಜಕಾಲುವೆಯ ಉದ್ದಕ್ಕೂ, ಮೇಲಿನ ಕೆರೆಯಿಂದ ಕೆಳಗಿನ ಕೆರೆಯ ತನಕ ನಡೆಸಬೇಕು. ಭೂಗೋಳದ ಪಾಠ ಅದಕ್ಕಿಂತ ಚೆನ್ನಾಗಿ ತಲೆಗೆ ಹೋಗದು.

ಕರ್ನಾಟಕದ ಎಲ್ಲ ಜಿಲ್ಲೆಗಳಿಂದ, ದೇಶದ ಎಲ್ಲ ಮೂಲೆಗಳಿಂದ ಬಂದವರು ಇಂದು ವೈಟ್‌ಫೀಲ್ಡ್‌ನವರು. 1882ರ ವೈಟ್ ಕೂಡ ಹೀಗೆ ಹೊರಗಿನಿಂದ ಬಂದವರೇ. ಈ ನೆಲದಲ್ಲಿ ಯಾರು ಮೊದಲು ಬಂದರು ಎಂಬುದಕ್ಕಿಂತ ಬಂದವರು ನೀರಿಗಾಗಿ ಏನು ಮಾಡಿದರು ಎಂಬುದೇ ದೊಡ್ಡದು. 1043ರ ರಾಜರಾಜ ವೇಳಾನ್ ಕೆರೆ ಕಟ್ಟಿಸಿದ, ಅವನ ಕೆಲಸ ಕಲ್ಲಿನಲ್ಲಿ ಉಳಿಯಿತು. ನಮ್ಮ ಕಾಲದವರು ಹೊಸ ಕೆರೆ ಕಟ್ಟಬೇಕಿಲ್ಲ. ಇರುವ ಕೆರೆಗಳಿಗೆ ನೀರು ಬರುವ ದಾರಿ, ಹೋಗುವ ದಾರಿ ಎರಡನ್ನೂ ಬಿಟ್ಟುಕೊಟ್ಟರೆ, ಬಿಟ್ಟ ನೀರನ್ನು ಶುದ್ಧವಾಗಿ ಬಿಟ್ಟರೆ, ಅಷ್ಟೇ ಸಾಕು. ಆ ಕೆಲಸ ಪಾಲಿಕೆಯದು, ಜಲಮಂಡಳಿಯದು, ಬಿಲ್ಡರುಗಳದು. ಈ ದಿಣ್ಣೆಯ ಮೇಲೆ ಬಾಗಿಲು ಹಾಕಿಕೊಂಡು ನೆಮ್ಮದಿಯಾಗಿ ಮಲಗುವ ಪ್ರತಿಯೊಂದು ಮನೆಯದೂ ಹೌದು.